ತಾಳಿಕೋಟೆಯಲ್ಲಿ ಸೋತದ್ದು ಕೃಷ್ಣದೇವರಾಯನಲ್ಲ, ಮಂಜು

ಪ್ರೀತಿಯ ಮಂಜು,

"ಹೋಗ್ಲಿ ಬಿಡೋ, ಹಳೇ ರಾಜರ ವಿಷಯಕ್ಕೆ ಈಗ ಯಾಕೆ ಜಗಳ?" ಅಂತ ಮದುವೆ ಮನೆಯಲ್ಲಿ ನನ್ನನ್ನು ಎಬ್ಬಿಸಿಕೊಂಡು ಹೋದೆ. ಅಲ್ಲಿ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೃಷ್ಣದೇವರಾಯ ತಾಳಿಕೋಟೆಯಲ್ಲಿ ಸೋತ, ಅವತ್ತೇ ವಿಜಯನಗರ ಮುಗಿಯಿತು ಅಂದರು ನಿಮ್ಮ ದೊಡ್ಡಪ್ಪ. ಕೃಷ್ಣದೇವರಾಯ ತೀರಿಕೊಂಡದ್ದು 1529ರಲ್ಲಿ. ದಖನ್ನಿನ ಸುಲ್ತಾನರ ಜೊತೆ ಆ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. ಆಗ ಹೆಸರಿಗೆ ಸದಾಶಿವರಾಯ ರಾಜ, ಆಡಳಿತವೆಲ್ಲ ಅಳಿಯ ರಾಮರಾಯನದು. ಸೆರೆಸಿಕ್ಕಿ ತಲೆ ಕಳೆದುಕೊಂಡವನೂ ರಾಮರಾಯನೇ. ಇಷ್ಟು ಹೇಳಿದ್ದಕ್ಕೆ "ಹಾಗಾದ್ರೆ ನಾವು ಕೇಳಿಕೊಂಡು ಬಂದಿದ್ದೆಲ್ಲ ಸುಳ್ಳಾ?" ಅಂತ ಎಲೆ ಬಿಟ್ಟು ಎದ್ದರಲ್ಲ!

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹಂಪಿಯ ಉಗ್ರನರಸಿಂಹನನ್ನು ಕೃಷ್ಣದೇವರಾಯನೇ 1528ರಲ್ಲಿ ಮಾಡಿಸಿದ್ದು. ಕೈಮುರಿದ ಆ ಮೂರ್ತಿಯ ಮುಂದೆ ನಿಂತರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಸಂಕಟಕ್ಕೆ ಎಲ್ಲರಿಗೂ ಗೊತ್ತಿರುವ ಒಬ್ಬ ರಾಜ ಬೇಕು, ಒಂದೇ ದಿನದ ಸೋಲು ಬೇಕು. ಇಸವಿ ತಿದ್ದಲು ಹೋದರೆ ದುಃಖವನ್ನೇ ಕಿತ್ತುಕೊಳ್ಳಲು ಬಂದ ಹಾಗೆ ಕಾಣುತ್ತದೆ. ಊರು ಹಾಳಾದದ್ದು ನಿಜ. ಅದನ್ನು ನಾನು ಇಲ್ಲ ಅನ್ನುತ್ತಿಲ್ಲ.

ಆದರೆ ಮುಂದಿನ ಕತೆಯನ್ನು ಯಾಕೆ ಬಿಡಬೇಕು? ರಾಮರಾಯನ ತಮ್ಮ ತಿರುಮಲ ಖಜಾನೆ ಸಮೇತ ಪೆನುಗೊಂಡೆಗೆ ಹೋಗಿ ಅಲ್ಲಿಂದ ರಾಜ್ಯ ನಡೆಸಿದ. ಆಮೇಲೆ ಚಂದ್ರಗಿರಿ, ವೆಲ್ಲೂರು ರಾಜಧಾನಿಯಾದವು. ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ತೆಗೆದುಕೊಂಡದ್ದು ವಿಜಯನಗರದ ಪ್ರತಿನಿಧಿಯ ಕೈಯಿಂದ. ರಾಜ್ಯ 45 ವರ್ಷದ ಹಿಂದೆಯೇ ಮುಗಿದಿದ್ದರೆ ಆ ಪ್ರತಿನಿಧಿ ಎಲ್ಲಿಂದ ಬಂದ? ಕೊನೆಯ ಅರಸ ಮೂರನೇ ಶ್ರೀರಂಗರಾಯ ನೆಲೆ ಕಳೆದುಕೊಂಡಾಗ ಆಸರೆ ಕೊಟ್ಟವನು ಕೆಳದಿಯ ಶಿವಪ್ಪನಾಯಕ. ಸಾಗರದವನು ನೀನು, ಕೆಳದಿ ನಿಮ್ಮ ಪಕ್ಕದಲ್ಲೇ ಇದೆ. ನಿಮ್ಮ ಸೀಮೆಯ ಇಷ್ಟು ದೊಡ್ಡ ಮಾತು 1565ಕ್ಕೇ ಪುಸ್ತಕ ಮುಚ್ಚಿದವರಿಗೆ ಗೊತ್ತಾಗುವುದೇ ಇಲ್ಲ. ನನ್ನ ಸಂಕಟ ಅದು.

ತಾಳಿಕೋಟೆಯದು ಬರೀ ಎರಡು ಧರ್ಮಗಳ ಯುದ್ಧ ಅಂತಲೂ ದೊಡ್ಡಪ್ಪ ಅಂದರು. ಹಂಪಿಯಲ್ಲೇ 1439ರ ಒಂದು ಮಸೀದಿ ಇದೆ. ಎರಡನೇ ದೇವರಾಯನ ಸೈನ್ಯದಲ್ಲಿದ್ದ ಅಹ್ಮದ್ ಖಾನ್ ಕಟ್ಟಿಸಿದ್ದು. ದೇವರಾಯನಿಗೆ ಪುಣ್ಯವಾಗಲಿ ಅಂತ ಕಟ್ಟಿಸಿದೆ ಎಂದು ಅಲ್ಲಿನ ಕನ್ನಡ ಶಾಸನವೇ ಹೇಳುತ್ತದೆ. ಅಲ್ಲಿಗೆ ಹೋಗುವ ಪ್ರವಾಸಿಗರು ಕಡಿಮೆ.

ದೊಡ್ಡಪ್ಪನ ಜೊತೆ ಮತ್ತೆ ಇಸವಿ ಹಿಡಿದು ವಾದ ಮಾಡುವುದಿಲ್ಲ. ಶ್ರೀರಂಗಪಟ್ಟಣದ ಪ್ರಶ್ನೆಯನ್ನು ಮಾತ್ರ ಕೇಳುತ್ತೇನೆ. ಅವರು ವರ್ಷಾ ವರ್ಷಾ ತಿರುಪತಿಗೆ ಹೋಗ್ತಾರೆ ಅಂದೆ, ಅಲ್ವಾ? ಚಂದ್ರಗಿರಿ ಕೋಟೆ ಅಲ್ಲಿಂದ ತುಂಬಾ ಹತ್ತಿರ, ರಾಜಮಹಲ್ ಇನ್ನೂ ಗಟ್ಟಿಯಾಗಿ ನಿಂತಿದೆ. ಈ ಸಲ ದರ್ಶನ ಮುಗಿದ ಮೇಲೆ ಕರೆದುಕೊಂಡು ಹೋಗು. ಅವರು ಒಪ್ಪಿದರೆ ನಾನೂ ಬರುತ್ತೇನೆ.

ನಿನ್ನ,
ರವಿ