ನೆನೆದ ಪುಸ್ತಕಗಳನ್ನು ಉಳಿಸಿದವರಿಗೆ

ಕರ್ತನಲ್ಲಿ ಪ್ರಿಯರಾದ ಸಭೆಯವರಿಗೆ ವಂದನೆಗಳು.

ಕಳೆದ ಭಾನುವಾರ ಆರಾಧನೆಯ ನಂತರ ನಮ್ಮ ಪುಸ್ತಕಾಲಯ ಮತ್ತೆ ತೆರೆಯಿತು. ಸಭಾಪಾಲಕರಾದ ಅಯ್ಯನವರ ಪ್ರಾರ್ಥನೆ ಮುಗಿಯುವ ಮೊದಲೇ ಸಂಡೇ ಸ್ಕೂಲಿನ ಮಕ್ಕಳು ಒಳಗೆ ನುಗ್ಗಿದ್ದರು. ಆ ಗದ್ದಲದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಜೂನ್‌ನಲ್ಲಿ ಮುಚ್ಚಿದ ಕಪಾಟನ್ನು ಸೆಪ್ಟೆಂಬರ್‌ನಲ್ಲಿ ತೆರೆದರೆ ನೀರು ತಾಗದ ಪುಸ್ತಕಕ್ಕೂ ಬೂಷ್ಟು ಹಿಡಿದಿರುತ್ತದೆ. ನಮ್ಮಲ್ಲಿ ಹೆಂಚು ಜಾರಿ, ಗೋಡೆಯ ಕಡೆಯ ಕಪಾಟಿಗೆ ಮಳೆಗಾಲವಿಡೀ ನೀರು ಇಳಿದಿತ್ತು. ಮೊದಲ ವಂದನೆ ಸ್ತ್ರೀ ಸಂಘದ ಅಕ್ಕಂದಿರಿಗೆ. ಪುಸ್ತಕಗಳನ್ನು ನೇರ ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ ಎಂದು ತಡೆದವರು ಅವರೇ. ಹಾಳೆಗಳ ನಡುವೆ ಹಳೆಯ ದಿನಪತ್ರಿಕೆ ಇಟ್ಟು, ನೆನೆದದ್ದನ್ನು ಬದಲಿಸಿ, ಮೆತ್ತನೆಯ ಕುಂಚದಿಂದ ಬೂಷ್ಟು ಒರೆಸಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೀರ್ತನೆ ಹಾಡುವುದು ಸುಲಭವಲ್ಲ, ಅದನ್ನೂ ಮಾಡಿದರು. ಕಾಫಿ ಕೊಯ್ಲಿಗೆ ಮೊದಲು ಖಾಲಿಯಿದ್ದ ತಮ್ಮ ಗೋದಾಮನ್ನು ಬಿಟ್ಟುಕೊಟ್ಟ ತೋಟದ ಯಜಮಾನರು ನಮ್ಮ ಸಭೆಯವರಲ್ಲ. ಅವರ ಹೆಸರು ಹಾಕಬಾರದೆಂಬ ಷರತ್ತಿಗೆ ಬದ್ಧನಾಗಿದ್ದೇನೆ.

ಸಭಾ ಸಮಿತಿಗೂ ವಂದನೆ, ಸ್ವಲ್ಪ ಜಗಳದ ನಂತರ. ಈ ಕೋಣೆಯನ್ನು ಕುರ್ಚಿ, ಶಾಮಿಯಾನ ಇಡಲು ಬಳಸೋಣ ಎಂಬ ಮಾತು ಬಂದಿತ್ತು. ಹಳೆಯ ಪುಸ್ತಕಗಳನ್ನು ವಸ್ತುಸಂಗ್ರಹಾಲಯಕ್ಕೆ ಕೊಡೋಣ ಎಂದರು ಇನ್ನೊಬ್ಬರು. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ಈಗ ವಸ್ತುಸಂಗ್ರಹಾಲಯವೇ ಆಗಿದೆ. ನೋಡಲು ಚೆಂದ, ನಾನೂ ನೆಂಟರನ್ನು ಕರೆದೊಯ್ಯುತ್ತೇನೆ. ಆದರೆ ಗಾಜಿನ ಹಿಂದಿರುವುದನ್ನು ಯಾರೂ ಮನೆಗೆ ಒಯ್ದು ಓದಲಾರರು. 1853ರಲ್ಲಿ ಕೊಡಗಿಗೆ ಬಂದ ಹೆರ್ಮನ್ ಮೋಗ್ಲಿಂಗ್ ಅದಕ್ಕೂ ಹತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದವರು. ಅವರನ್ನು ಭಾರತಕ್ಕೆ ಕಳಿಸಿದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಹೋದ ಹಲವು ಕಡೆ ಶಾಲೆ, ಕೆಲವೆಡೆ ಅಚ್ಚುಕೂಟ ಕಟ್ಟಿದರು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಅವರ ಮಂಗಳೂರಿನ ಮುದ್ರಣಾಲಯದಲ್ಲಿ. ಅಂಥವರ ಕೈಯಲ್ಲಿ ಬೆಳೆದ ಸಭೆಗಳಿರುವ ನಾಡಿನಲ್ಲಿ ಪುಸ್ತಕದ ಕೋಣೆಗೆ ಶಾಮಿಯಾನ ತುಂಬುವುದು ನನಗಂತೂ ಸಹಿಸಲಾಗದ ಮಾತು. ಕೊನೆಗೆ ಸಮಿತಿ ಒಪ್ಪಿ, ಹೆಂಚು ಬದಲಿಸಿ, ಕಪಾಟುಗಳನ್ನು ಗೋಡೆಯಿಂದ ದೂರ ಸರಿಸಿ ನಿಲ್ಲಿಸಿಕೊಟ್ಟಿತು.

ಬೈಬಲ್ ಮತ್ತು ವ್ಯಾಖ್ಯಾನಗಳು ಮಾತ್ರ ಸಾಕು ಎಂದವರ ಕಾಳಜಿ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಸಂಡೇ ಸ್ಕೂಲಿನ ಶಿಕ್ಷಕಿಯರಿಗೆ ವ್ಯಾಖ್ಯಾನ ಬೇಕು, ಗಾಯಕವೃಂದಕ್ಕೆ ಸ್ವರಲಿಪಿಯ ಹಾಡಿನ ಪುಸ್ತಕ ಬೇಕು, ನಿಜ. ಆದರೆ ಆರಾಧನೆ ಮುಗಿದ ಕೂಡಲೇ ಜೀಪು ಹತ್ತುತ್ತಿದ್ದ ಹುಡುಗರನ್ನು ಅರ್ಧ ಗಂಟೆ ಹೆಚ್ಚು ನಿಲ್ಲಿಸಿದ್ದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಅವರ ಪಕ್ಕದಲ್ಲೇ ದಪ್ಪಕ್ಷರದ ಬೈಬಲ್ ಹಿಡಿದ ಅಜ್ಜಿಯಂದಿರು ಕೂರುತ್ತಾರೆ, ಯಾರ ಮಗ ಯಾವ ಪರೀಕ್ಷೆ ಬರೆಯುತ್ತಿದ್ದಾನೆ ಎಂದು ವಿಚಾರಿಸುತ್ತಾರೆ, ಮುಂದಿನ ವಾರ ಆ ಹೆಸರು ಪ್ರಾರ್ಥನೆಯಲ್ಲಿ ಬರುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ತಮಿಳು, ಮಲಯಾಳಂ ಪುಸ್ತಕ ಕೇಳಿಕೊಂಡು ಬರುತ್ತಾರೆ. ನೆರೆಮನೆಯ ಕೊಡವ ಹುಡುಗಿಯೊಬ್ಬಳು ಬರುವುದು ಕಾದಂಬರಿಗಾಗಿ ಮಾತ್ರ. ಬರಲಿ.

ಕಪಾಟಿಗೆ ಬೇವಿನ ಸೊಪ್ಪು ಒಣಗಿಸಿ ಕಳಿಸಿದವರಿಗೆ, ಕೂಲಿ ತೆಗೆದುಕೊಳ್ಳದ ಬಡಗಿಗೆ, ಪಟ್ಟಿಯನ್ನು ಹೊಸದಾಗಿ ಬರೆದುಕೊಟ್ಟ ನಿವೃತ್ತ ಮೇಷ್ಟ್ರಿಗೆ ಋಣಿ. ಮೇಷ್ಟ್ರ ಅಕ್ಷರ ಮುತ್ತಿನಂತಿದೆ. ಸಿಟ್ಟೂ ಹಾಗೆಯೇ ಇದೆ, ಪುಸ್ತಕದ ಮೂಲೆ ಮಡಚಬೇಡಿ.

ಮಳೆಗೆ ಮುಂಚೆ ಒಯ್ದು ಇನ್ನೂ ಹಿಂತಿರುಗಿಸದವರು ಮುಜುಗರಪಡದೆ ತಂದುಕೊಡಿ, ದಂಡವಿಲ್ಲ. ಪ್ರತಿ ಭಾನುವಾರ ಆರಾಧನೆಯ ನಂತರ ಒಂದು ಗಂಟೆ ನಾನು ಅಲ್ಲಿರುತ್ತೇನೆ.