ಶಬ್ದವೇಗದ ವಿಡಿಯೊಗಳ ಬಗ್ಗೆ

ಎಲ್ಲರ ಗಮನಕ್ಕೆ: ಯುದ್ಧವಿಮಾನದ ಸುತ್ತ ಬಿಳಿ ಮೋಡ ಮೂಡುವ ವಿಡಿಯೊವನ್ನು ‘ಶಬ್ದವೇಗ ದಾಟಿದ ಕ್ಷಣ’ ಎಂದು ಫಾರ್ವರ್ಡ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ಗಾಳಿಯ ಒತ್ತಡ, ಉಷ್ಣತೆ ಥಟ್ಟನೆ ಇಳಿದು ಅದರಲ್ಲಿನ ತೇವ ಹನಿಗಟ್ಟಿದ್ದು ಅದು, ಅಷ್ಟೆ. ಶಬ್ದವೇಗ ಮುಟ್ಟುವ ಮೊದಲೂ ಕಾಣಿಸುತ್ತದೆ.

ಅಷ್ಟು ವೇಗ ಹೇಗೆ ಎಂದು ಕೆಲವರು ಕೇಳಿದ್ದರು. ಎಂಜಿನ್ನಿನಿಂದ ಹೊರಡುವ ಬಿಸಿಗಾಳಿಗೆ ಆಫ್ಟರ್‌ಬರ್ನರ್ ಎಂಬ ಹಿಂಬದಿಯ ಭಾಗ ಇನ್ನಷ್ಟು ಇಂಧನ ಚಿಮುಕಿಸಿ ಉರಿಸುತ್ತದೆ. ತಳ್ಳುಬಲ ಏರುತ್ತದೆ, ಇಂಧನವೂ ಬೇಗ ಖಾಲಿ. ಆದರೆ ಬಲವೊಂದೇ ಸಾಲದು. ಶಬ್ದವೇಗದ ಹತ್ತಿರ ಗಾಳಿಗೆ ಸರಿದು ದಾರಿ ಬಿಡಲು ಪುರಸತ್ತಿಲ್ಲ. ಒತ್ತೊತ್ತಾಗಿ ಆಘಾತ ತರಂಗವಾಗುತ್ತದೆ, ವಿಮಾನವನ್ನು ತಡೆಯುವ ಎಳೆತ ವಿಪರೀತ ಹೆಚ್ಚುತ್ತದೆ. ಅದಕ್ಕೇ ಚೂಪು ಮೂತಿ, ಹಿಂದಕ್ಕೆ ಓರೆಯಾದ ತೆಳು ರೆಕ್ಕೆ. ತಮಾಷೆಯೆಂದರೆ, ವಿಮಾನ ಎಷ್ಟೇ ಓಡಲಿ, ಜೆಟ್ ಎಂಜಿನ್ನಿನ ಒಳಹೋಗುವ ಗಾಳಿಯನ್ನು ಮಾತ್ರ ಶಬ್ದವೇಗಕ್ಕಿಂತ ಕೆಳಗಿಳಿಸಿಯೇ ಬಿಡಬೇಕು.

ಶಬ್ದವೇಗವೆಂದರೆ ಗಂಟೆಗೆ 1,225 ಕಿ.ಮೀ. ಎಂದು ಹೇಳುವ ಅಂಕಿ ಸಮುದ್ರಮಟ್ಟದ್ದು, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ. 11 ಕಿ.ಮೀ. ಎತ್ತರದ ಚಳಿಯಲ್ಲಿ ಸುಮಾರು 1,060.

ಆ ಆಘಾತ ತರಂಗ ನೆಲಕ್ಕೆ ಮುಟ್ಟಿದಾಗ ಕೇಳುವ ‘ಢಂ’ ಸದ್ದೂ ಶಬ್ದವೇಗ ದಾಟುವಾಗ ಒಮ್ಮೆ ಆಗಿ ಮುಗಿಯುವುದಲ್ಲ. ಆ ವೇಗದಲ್ಲಿ ಹಾರುವಷ್ಟು ಹೊತ್ತೂ ವಿಮಾನದ ಬೆನ್ನಿಗೇ ಸಾಗುತ್ತದೆ.

ಪ್ರಶ್ನೆಗಳಿದ್ದರೆ ಇಲ್ಲೇ ಬರೆಯಿರಿ, ವಾಯ್ಸ್ ನೋಟ್ ಬೇಡ.