ಶಾಲೆಯ ಗೇಟು ಸಂಜೆಯೂ ತೆಗೆದಿರಲಿ

ಪ್ರೀತಿಯ ಗೆಳೆಯಾ,

ಊರಿನ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ, ನೀನು ಅಧ್ಯಕ್ಷನಾದ ಸುದ್ದಿ ಕೇಳಿ ತುಂಬಾ ಖುಷಿಯಾಯಿತು. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಮೊಬೈಲ್ ಹಿಡಿದು ಜಗಲಿ ಮೇಲೆ ಕೂತುಬಿಡುತ್ತಾರೆ, ಏನಾದರೂ ಮಾಡಬೇಕು ಅಂತ ಬರೆದಿದ್ದೆಯಲ್ಲ, ಅದೇ ತಲೆಯಲ್ಲಿ ಸುತ್ತುತ್ತಿದೆ.

ಇದು ನಮ್ಮೂರಿನ ಚಿಂತೆ ಮಾತ್ರ ಅಲ್ಲ. 146 ದೇಶಗಳ 11ರಿಂದ 17 ವರ್ಷದ ಮಕ್ಕಳ ಲೆಕ್ಕ ತೆಗೆದು ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಹೇಳಿದ್ದರು: ನೂರಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳು ದಿನಕ್ಕೆ ಒಂದು ಗಂಟೆಯೂ ಮೈ ದಣಿಸುವುದಿಲ್ಲ. ಹುಡುಗಿಯರಲ್ಲಿ ನೂರಕ್ಕೆ 85. ನಮ್ಮ ಕಡೆ ಯಾಕೆ ಹೀಗೆ ಅಂತ ನಿನಗೇ ಗೊತ್ತು. ಐದನೇ ಕ್ಲಾಸಿನ ತನಕ ಕುಂಟೆಬಿಲ್ಲೆ, ಲಗೋರಿ ಅಂತ ಓಡಾಡುವ ಹುಡುಗಿ ಏಳಕ್ಕೆ ಬರುವಷ್ಟರಲ್ಲಿ ಮೈದಾನದಿಂದ ಮಾಯ. ದೊಡ್ಡವಳಾದಳು, ಇನ್ನೇನು ಆಟ ಅನ್ನುತ್ತಾರೆ. ಮನೆಯಲ್ಲಿ ನೀರು, ಪಾತ್ರೆ, ತಮ್ಮನನ್ನು ನೋಡಿಕೊಳ್ಳುವ ಕೆಲಸ ಕಾಯುತ್ತಿರುತ್ತದೆ. ಶಾಲೆಯ ಟಾಯ್ಲೆಟ್ಟಿನಲ್ಲಿ ನೀರಿಲ್ಲದಿದ್ದರೆ ತಿಂಗಳ ಆ ದಿನಗಳಲ್ಲಿ ಆಟದ ಮಾತೇ ಇಲ್ಲ. ಅದಕ್ಕೇ ಹೇಳುತ್ತೇನೆ, ಚೆಂಡು, ನೆಟ್ಟು ಕೊಳ್ಳುವ ಮುಂಚೆ ಆ ನಲ್ಲಿ ಸರಿ ಮಾಡಿಸು. ಆಟಕ್ಕೂ ನಲ್ಲಿಗೂ ಏನು ಸಂಬಂಧ ಅಂತ ಸಭೆಯಲ್ಲಿ ಯಾರಾದರೂ ಕೇಳಿದರೆ ತಾಯಂದಿರೇ ಉತ್ತರ ಕೊಡುತ್ತಾರೆ.

ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಏನಾಗುತ್ತದೆ, ನೋಡಿದ್ದೀಯಲ್ಲ. ಚೆನ್ನಾಗಿ ಓಡುವ ಹತ್ತು ಹನ್ನೆರಡು ಮಕ್ಕಳನ್ನು ಆರಿಸುತ್ತಾರೆ, ಅವರಿಗಷ್ಟೇ ಪ್ರಾಕ್ಟೀಸ್. ಉಳಿದವರು ಸುತ್ತ ನಿಂತು ಚಪ್ಪಾಳೆ ತಟ್ಟಬೇಕು. ಮೈ ಭಾರದ ಹುಡುಗ, ನಾಚಿಕೆಯ ಹುಡುಗಿ, ಇವರಿಗೇ ಆಟ ಜಾಸ್ತಿ ಬೇಕಾಗಿರೋದು ಅಲ್ವಾ? ಕಪ್ ಬರಲಿ, ಸಂತೋಷ. ಸಂಜೆಯ ಆಟಕ್ಕೆ ಮಾತ್ರ ಆಯ್ಕೆ ಗೀಯ್ಕೆ ಬೇಡ. ಬಂದವರೆಲ್ಲ ಆಡಲಿ.

ಖೋ-ಖೋದಿಂದ ಶುರು ಮಾಡು. ಎರಡು ಕಂಬ, ಸಮತಟ್ಟಾದ ಜಾಗ, ಸುಣ್ಣದ ಗೆರೆ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತಲ್ಲ, ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದ ನಮ್ಮ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ರೈತರ ಮನೆಯ ಮಗಳು. ಅವರ ಫೋಟೊ ಶಾಲೆಯ ಗೋಡೆಗೆ ಹಾಕಿಸು. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅನ್ನುವ ಅಜ್ಜಂದಿರ ಕಣ್ಣಿಗೂ ಬೀಳಲಿ.

ಪಿಟಿ ಮೇಷ್ಟ್ರು ಇಲ್ಲ ಅಂತ ಕೊರಗಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಆರರಿಂದ ಎಂಟರವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು ಇರಬೇಕು ಅಂತಿದೆ. ನಮ್ಮ ಶಾಲೆಯಲ್ಲಿ ಅಷ್ಟು ಮಕ್ಕಳೇ ಇಲ್ಲ. ಆದರೆ ಕಬಡ್ಡಿ ಆಡಿ ಬೆಳೆದ ಯುವಕ ಸಂಘದವರು ಊರಲ್ಲೇ ಇದ್ದಾರೆ. ಸ್ತ್ರೀಶಕ್ತಿ ಸಂಘದವರನ್ನೂ ಕೇಳು. ದಿನಕ್ಕೆ ಇಬ್ಬರಂತೆ ಪಾಳಿ ಹಾಕಿಕೊಂಡು ಸಂಜೆ ಮೈದಾನದಲ್ಲಿ ಸುಮ್ನೆ ಕೂತಿದ್ದರೂ ಸಾಕು, ಗೊತ್ತಿರುವ ಹೆಂಗಸರು ಅಲ್ಲಿದ್ದಾರೆ ಅಂದರೆ ಮನೆಯವರು ಹುಡುಗಿಯರನ್ನು ಧೈರ್ಯವಾಗಿ ಕಳಿಸುತ್ತಾರೆ. ನೆಲ ಸಮ ಮಾಡಿಸೋಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಓ) ಕಾಣು. ನರೇಗಾ ಹಣದಲ್ಲಿ ಎಷ್ಟೋ ಪಂಚಾಯಿತಿಗಳು ಶಾಲೆಯ ಮೈದಾನ ಮಾಡಿಸಿವೆ.

ಎಲ್ಲಕ್ಕಿಂತ ಮೊದಲು ಗೇಟಿನ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋದು ತೀರ್ಮಾನವಾಗಲಿ. ಶಾಲೆ ಬಿಟ್ಟ ಕೂಡಲೇ ಹೆಡ್‌ಮೇಷ್ಟ್ರು ಬೀಗ ಹಾಕುವುದರಲ್ಲಿ ತಪ್ಪಿಲ್ಲ. ಯಾವ ಮಗುವಿಗೆ ಏಟಾದರೂ ಎಲ್ಲರೂ ಅವರನ್ನೇ ಕೇಳುತ್ತಾರೆ. ಸಂಜೆ ಆರೂವರೆ ತನಕ ಜವಾಬ್ದಾರಿ ಸಮಿತಿಯದು ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸು. ಆಗ ಹೆಡ್‌ಮೇಷ್ಟ್ರೂ ನೆಮ್ಮದಿಯಾಗಿ ಬೀಗದ ಕೈ ಕೊಡುತ್ತಾರೆ.

ದಸರಾ ರಜೆಗೆ ಬಂದಾಗ ನನ್ನನ್ನೂ ಪಾಳಿಗೆ ಹಾಕಿಕೋ. ಅಮ್ಮನನ್ನು ಕೇಳಿದೆ ಅಂತ ಹೇಳು.

ನಿನ್ನ ಗೆಳೆಯ